ಮೃತ್ಯುಪತ್ರಕ್ಕೆ ದಾನದ ಕಲಂ ಜೋಡಿಸುವ ವಿಧಾನ: ಜತ್ತ ತಾಲೂಕಿನ ಬಳಕೆದಾರರ ಕೈಪಿಡಿ



ದಾನದ ಕಲಂ ಸಹಿತವಾದ ಮೃತ್ಯುಪತ್ರವನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ನಮ್ಮ ತಾಲೂಕಿನಲ್ಲಿ ಇದಕ್ಕೆ ಗಿರಾಕಿ ಕಡಿಮೆ. ಹೆಚ್ಚಿನವರು ಒಯ್ಯುವುದು ಸಾದಾ ಮಾದರಿ: ಹಿರಿಯವನಿಗೆ ಬಾವಿ ಕಡೆಯ ಪಟ್ಟಿ, ಕಿರಿಯವನಿಗೆ ರಸ್ತೆ ಕಡೆಯ ಪಟ್ಟಿ, ಹೆಣ್ಣುಮಕ್ಕಳಿಗೆ ಆಶೀರ್ವಾದ. ಅದಕ್ಕಿಂತಲೂ ಹೆಚ್ಚಿನವರು ಏನನ್ನೂ ಬರೆಯದೆ, ಮುಂದಿನದನ್ನು ತಲಾಠಿ ನೋಡಿಕೊಳ್ಳಲಿ ಎಂದು ಎದ್ದು ಹೋಗುತ್ತಾರೆ.

ಹಾಗಂತ ಇದು ಜಿಪುಣರ ಸೀಮೆಯಲ್ಲ. ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿ, ಕೊಟ್ಟು ಕೊಟ್ಟೇ ದಾನಮ್ಮನಾದಳೆಂದು ಜನ ನಂಬುವ ತಾಯಿ ನೆಲೆಸಿದ್ದು ಇದೇ ತಾಲೂಕಿನ ಗುಡ್ಡಾಪುರದಲ್ಲಿ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಸೊಲ್ಲಾಪುರದ ಕಡೆಯಿಂದ ನಡೆದು ಬರುವವರಿಗೆ ದಾರಿಯುದ್ದಕ್ಕೂ ರೊಟ್ಟಿ, ನೀರು, ಚಹಾ, ಕಾಲಿಗೆ ಎಣ್ಣೆ. ಯಾರೂ ಹೆಸರು ಕೇಳುವುದಿಲ್ಲ, ಯಾರೂ ರಸೀದಿ ಹರಿಯುವುದಿಲ್ಲ. ಮಳೆ ಕೈಕೊಟ್ಟ ವರ್ಷವೂ ದಾಸೋಹದ ಒಲೆ ಆರುವುದಿಲ್ಲ. ಅಂಥ ಜಾತ್ರೆಯಲ್ಲಿ ಸಾಲುಸಾಲು ಜನರಿಗೆ ತಾವೇ ನಿಂತು ಬಡಿಸಿದ ಗೌಡರು, ಮನೆಗೆ ಬಂದು ಮೃತ್ಯುಪತ್ರ ಬರೆಸಲು ಕುಳಿತಾಗ ಮಾತ್ರ ದಾನದ ಸಾಲಿಗೆ ಬಂದು ಪೆನ್ನು ತಡೆಯುತ್ತಾರೆ. ಜಾತ್ರೆಯಲ್ಲಿ ಕೊಟ್ಟದ್ದು ಬೆಳೆ. ಇಲ್ಲಿ ಕೊಡಬೇಕಾದದ್ದು ಹೊಲ. ಇನ್ನೂ ನಿಜ ಹೇಳಬೇಕೆಂದರೆ, ಸತ್ತ ಮೇಲೂ ಆ ಹೊಲಕ್ಕೆ ತಾವೇ ಮಾಲಕರಾಗಿರಬೇಕು ಎಂಬ ಆಸೆ ಯಾವ ಕಲಮಿಗೂ ಸಿಗುವುದಿಲ್ಲ. ಈ ಕೈಪಿಡಿ ಇರುವುದೇ ಆ ದೋಷದ ದುರಸ್ತಿಗೆ.

ಪೆಟ್ಟಿಗೆಯಲ್ಲಿ ಏನೇನಿರಬೇಕು

ಒಂದು ಬಿಳಿ ಹಾಳೆ. ಸ್ಟ್ಯಾಂಪ್ ಕಾಗದ ಬೇಡ, ಮೃತ್ಯುಪತ್ರಕ್ಕೆ ಮುದ್ರಾಂಕ ಶುಲ್ಕವೇ ಇಲ್ಲ. ಬಾಂಡ್ ಪೇಪರ್ ಇದ್ದರೇ ಮಾತಿಗೆ ತೂಕ ಎಂದು ಹೇಳುವ ಪುಣ್ಯಾತ್ಮರು ಎಲ್ಲ ಕಚೇರಿಗಳ ಮುಂದಿನ ಗಿಡದ ನೆರಳಲ್ಲೂ ಸಿಗುತ್ತಾರೆ; ಅವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ. ಒಂದು ಪೆನ್ನು, ಇಲ್ಲವೇ ಹೆಬ್ಬೆರಳು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಎರಡಕ್ಕೂ ಒಪ್ಪುತ್ತದೆ. ಇಬ್ಬರು ಸಾಕ್ಷಿಗಳು. ಒಬ್ಬ ಎಕ್ಸಿಕ್ಯೂಟರ್, ಅಂದರೆ ನೀವು ಹೋದ ಮೇಲೆ ನಿಮ್ಮ ಮಾತು ನಡೆಸಿಕೊಡುವವ. ಕೊನೆಯದಾಗಿ, ನಿಮ್ಮದೇ ಆದ ಆಸ್ತಿ.

ಈ ಕೊನೆಯ ಸಾಮಾನು ಬಹಳ ಪೆಟ್ಟಿಗೆಗಳಲ್ಲಿ ಇರುವುದೇ ಇಲ್ಲ. ಮೊದಲು ಸಾತಬಾರಾ ಉತಾರ, ಅಂದರೆ ಹೊಲದ ಹಕ್ಕಿನ ದಾಖಲೆ, ತೆಗೆಸಿ, ಕನ್ನಡಕ ಹಾಕಿಕೊಂಡು ಓದಿ. ಜೀವಮಾನವಿಡೀ "ನನ್ನ ಹೊಲ" ಎಂದು ಕರೆದ ಹೊಲದಲ್ಲಿ ತಮ್ಮ, ತೀರಿಹೋದ ಅಣ್ಣನ ಹೆಂಡತಿ, ಲಗ್ನವಾಗಿ ಇಂಡಿಗೆ ಹೋದ ತಂಗಿ ಎಲ್ಲರ ಹೆಸರೂ ಕಾಣಬಹುದು. ಹೆಸರು ಕಾಣದಿದ್ದರೆ ಹಕ್ಕೂ ಇಲ್ಲ ಎಂದು ಹಿಗ್ಗಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ; ಆ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿಯಾಗಿದೆ. ತಂಗಿಯ ಪಾಲನ್ನು ದೇವರಿಗೆ ಬರೆದುಕೊಡುವುದಕ್ಕೆ ದಾನ ಎನ್ನುವುದಿಲ್ಲ. ದೇವರಿಗೂ ಅದು ಮುಜುಗರ.

ನಿಮ್ಮ ಪಾಲಿನ ಮಟ್ಟಿಗೆ ಕಾನೂನಿನಲ್ಲಿ ಒಂದು ಚೋದ್ಯವಿದೆ. ಅವಿಭಕ್ತ ಆಸ್ತಿಯಲ್ಲಿನ ಪಾಲನ್ನು ವಾಟಣಿ ಆಗುವ ಮುನ್ನ ಹಿಂದೂ ಗಂಡಸು ಬದುಕಿರುವಾಗ ಬಕ್ಷೀಸಾಗಿ ಕೊಡುವಂತಿಲ್ಲ; ಮನೆಯ ಯಜಮಾನನಾದವನು ಧರ್ಮಕಾರ್ಯಕ್ಕೆ ಸ್ವಲ್ಪ ತೆಗೆದಿಟ್ಟರೆ ಮಾತ್ರ ಸಹಿಸುತ್ತಾರೆ. ಆದರೆ ಅದೇ ಪಾಲನ್ನು ಮೃತ್ಯುಪತ್ರದಲ್ಲಿ ಬರೆಯಬಹುದು ಎನ್ನುತ್ತದೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ. ಬದುಕಿದ್ದಾಗ ಕೊಡಲಾಗದ್ದನ್ನು ಸತ್ತು ಕೊಡಬಹುದು. ಕರ್ಣನಿಗೆ ಈ ಸವಲತ್ತು ಇರಲಿಲ್ಲ.

ಎಚ್ಚರಿಕೆ: ಹೊಲವನ್ನು ನೇರವಾಗಿ ಜೋಡಿಸಬೇಡಿ

ಇದು ಕೈಪಿಡಿಯ ಮುಖ್ಯ ಭಾಗ. ಉಳಿದದ್ದನ್ನು ಹಾರಿಸಿ ಓದಿದರೂ ಇದನ್ನು ಹಾರಿಸಬೇಡಿ.

ನಮ್ಮ ಹಿರಿಯರು ಹೊಲ ಕೊಟ್ಟ ರೀತಿಯೇ ಬೇರೆ. ಕಲ್ಲು ನೆಟ್ಟು, ಮೇಲೆ ಸೂರ್ಯ ಚಂದ್ರರನ್ನು ಕೆತ್ತಿ, ಇಷ್ಟು ಮತ್ತರು ಭೂಮಿ ಈ ದೇವರಿಗೆ ಎಂದು ಬರೆಸಿ, ಕೊನೆಗೆ ಶಾಪ ಹಾಕುತ್ತಿದ್ದರು: ಕೊಟ್ಟ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳವಾಗಿ ಹುಟ್ಟಲಿ ಎಂದು. ಓದು ಬರದವರಿಗೂ ತಿಳಿಯಲೆಂದು ಕೆಲವು ಕಲ್ಲುಗಳ ಮೇಲೆ ಕತ್ತೆಯ ಚಿತ್ರವನ್ನೂ ಕೊರೆಸಿದರು. ಆ ಚಿತ್ರದ ವಿವರಣೆ ಕುಟುಂಬದವರೆಲ್ಲ ಓದುವ ಈ ಕೈಪಿಡಿಗೆ ತಕ್ಕದ್ದಲ್ಲ. ಆಮೇಲೆ ಸಂಸ್ಥಾನಗಳ ಕಾಲದ ಇನಾಮು ಬಂತು. ಜತ್ತದಲ್ಲಿ ಡಫಳೆ ಮನೆತನದ ಆಳ್ವಿಕೆ 1948ರ ಮಾರ್ಚಿನಲ್ಲಿ ಮುಗಿದು ಸಂಸ್ಥಾನ ಮುಂಬೈ ಪ್ರಾಂತದಲ್ಲಿ ಸೇರಿಹೋಯಿತು. ದೇವಸ್ಥಾನ ಇನಾಮು ಎಂದು ದಾಖಲಾದ ಜಮೀನುಗಳು ಮಹಾರಾಷ್ಟ್ರದಲ್ಲಿ ಇವತ್ತಿಗೂ ಇವೆ, ಸರಕಾರದ ಪರವಾನಿಗೆ ಇಲ್ಲದೆ ಅವನ್ನು ಮಾರುವಂತಿಲ್ಲ. ಅರವತ್ತು ಸಾವಿರ ವರ್ಷದ ಹುಳ ಮಾಡಲಾರದ ಕೆಲಸವನ್ನು ಸಾತಬಾರಾದ ಒಂದು ಷರಾ ಮಾಡುತ್ತಿದೆ.

ಅದೇ 1948ರಲ್ಲಿ ಮುಂಬೈಯ ಕುಳ ಕಾಯ್ದೆಯೂ ಬಂತು. ಅದರ 63ನೇ ಕಲಮಿನ ಪ್ರಕಾರ, ರೈತನಲ್ಲದವನಿಗೆ ಸಾಗುವಳಿ ಜಮೀನು ಹೋಗುವಂತಿಲ್ಲ. ಹೋಗಬೇಕಾದರೆ ಜಿಲ್ಲಾಧಿಕಾರಿಯ ಅಪ್ಪಣೆ ಬೇಕು. "ಅದು ಮಾರಾಟಕ್ಕೆ, ಬಕ್ಷೀಸಿಗೆ. ಮೃತ್ಯುಪತ್ರಕ್ಕಲ್ಲ" ಎಂದು ಬಹಳ ವರ್ಷ ಜನ ವಾದಿಸಿದರು. 2020ರ ಜೂನ್‌ನಲ್ಲಿ ವಿನೋದಚಂದ್ರ ಕಪಾಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲನ್ನೂ ಹಾಕಿತು: ಮೃತ್ಯುಪತ್ರದ ಮೂಲಕವೂ ರೈತನಲ್ಲದವನಿಗೆ ಜಮೀನು ದಾಟಿಸುವಂತಿಲ್ಲ. ಪ್ರಕರಣ ಗುಜರಾತಿನದು, ಆದರೆ ಅಲ್ಲಿಯ ಕಾಯ್ದೆಗೂ ಇಲ್ಲಿಯ ಕಾಯ್ದೆಗೂ ತಾಯಿಬೇರು ಒಂದೇ. ಹೀಗಾಗಿ "ಸಂಖ ರಸ್ತೆಯ ಎರಡು ಎಕರೆ ಕನ್ನಡ ಶಾಲೆಗೆ" ಎಂದು ನೀವು ಬರೆದರೆ ಶಾಲೆಯ ಸಂಸ್ಥೆಗೆ ಬರುವುದು ಎರಡು ಎಕರೆ ಅಲ್ಲ, ಒಂದು ಖಟ್ಲೆ. ಸಂಸ್ಥೆಯ ಅಧ್ಯಕ್ಷರು ನಿಮ್ಮ ಫೋಟೋಕ್ಕೆ ಹಾರ ಹಾಕುವುದನ್ನು ನಿಲ್ಲಿಸಿ ಸಾಂಗ್ಲಿಯ ವಕೀಲರ ಫೀಸಿಗೆ ಪಟ್ಟಿ ಎತ್ತುತ್ತಾರೆ.

ಹಾಗಾದರೆ ಹೊಲದ ಪುಣ್ಯ ಹೊಲದವನಿಗೆ ಇಲ್ಲವೇ? ಇದೆ, ಸ್ವಲ್ಪ ಬಳಸಿ ಹೋಗಬೇಕು. ಎಕ್ಸಿಕ್ಯೂಟರ್ ಆ ಎರಡು ಎಕರೆಯನ್ನು ಒಬ್ಬ ರೈತನಿಗೆ ಮಾರಿ ಬಂದ ರೊಕ್ಕವನ್ನು ಸಂಸ್ಥೆಗೆ ಕೊಡಬೇಕೆಂದು ಬರೆಯುವುದು ಒಂದು ದಾರಿ. ಹೊಲ ಮಕ್ಕಳಿಗೇ ಇರಲಿ, ಅದರ ಉತ್ಪನ್ನದಲ್ಲಿ ಇಷ್ಟು ಪಾಲು ವರ್ಷಕ್ಕೊಮ್ಮೆ ದಾಸೋಹಕ್ಕೆ ಸಲ್ಲಬೇಕು ಎಂದು ಹೊಲದ ಮೇಲೆ ಬೋಜಾ ಹೊರಿಸುವುದು ಇನ್ನೊಂದು. ಎರಡನೆಯದು ಕೇಳಲು ಬಹಳ ಚೆಂದ, ಜನರಿಗೂ ಅದೇ ಇಷ್ಟ. ತೊಂದರೆ ಏನೆಂದರೆ ಮಗ ಕೊಡುವುದನ್ನು ನಿಲ್ಲಿಸಿದರೆ ಅವನ ಮೇಲೆ ದಾವೆ ಹೂಡಲು ದಾಸೋಹದ ಅಡುಗೆಯವರಿಗೆ ಬಿಡುವು ಇರುವುದಿಲ್ಲ. ಮೂರನೆಯ ದಾರಿ, ಹೊಲದ ಗೊಡವೆಗೇ ಹೋಗದೆ ಬ್ಯಾಂಕಿನ ಠೇವು, ಬಂಗಾರ, ಊರಿನ ಬಿನ್‌ಶೇತಿ (ಸಾಗುವಳಿಯದಲ್ಲದ) ಜಾಗ, ಇಂಥವನ್ನು ದಾನಕ್ಕಿಡುವುದು. ನನ್ನ ಮತ ಇದಕ್ಕೇ. ಠೇವಿಗೆ ಮಗನನ್ನು ನಾಮಿನಿ ಮಾಡಿದ್ದೇನಲ್ಲ ಎಂದು ಗಾಬರಿಯಾಗಬೇಡಿ. ನಾಮಿನಿ ಎಂದರೆ ಬ್ಯಾಂಕಿನಿಂದ ರೊಕ್ಕ ಇಸಿದುಕೊಳ್ಳುವವ, ಒಡೆಯನಲ್ಲ. ಮೃತ್ಯುಪತ್ರದಲ್ಲಿ ಯಾರ ಹೆಸರಿದೆಯೋ ಅವರಿಗೆ ಅವನು ಮುಟ್ಟಿಸಬೇಕು. ಮಗನಿಗೆ ಈ ವಿಷಯ ಗೊತ್ತಿರುವುದಿಲ್ಲ. ಮೃತ್ಯುಪತ್ರದಲ್ಲೇ ಒಂದು ಸಾಲು ಬರೆದಿಟ್ಟರೆ ಗೊತ್ತಾಗುತ್ತದೆ.

"ಧರ್ಮಕ್ಕೆ" ಎಂಬ ಗುಂಡಿ ಒತ್ತುವ ಮುನ್ನ

ಬಹಳ ಬಳಕೆದಾರರು ಕಲಮಿನಲ್ಲಿ "ಉಳಿದದ್ದು ಧರ್ಮಕ್ಕೆ" ಎಂದಷ್ಟೇ ಬರೆದು ನಿದ್ದೆ ಹೋಗುತ್ತಾರೆ. 1899ರಲ್ಲಿ ಮುಂಬೈಯ ರಣಛೋಡದಾಸ ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿತ್ತು. "ಧರಮ್" ಎಂದು ಬರೆದರೆ ಯಾವುದಕ್ಕೆ ಎಂದು ಕೋರ್ಟು ತಿಳಿಯುವುದು ಹೇಗೆ, ಅರ್ಥ ಗಟ್ಟಿಯಿಲ್ಲ, ಆದ್ದರಿಂದ ಆ ದಾನವೇ ರದ್ದು ಎಂದು ಅಲ್ಲಿಯ ನ್ಯಾಯಾಧೀಶರು ಹೇಳಿದರು. ಸಾವಿರಾರು ವರ್ಷ ಈ ನಾಡು ಧರ್ಮದ ಮೇಲೆ ನಡೆಯಿತು. ಅದು ಏನೆಂದು ತಿಳಿಯುವುದಿಲ್ಲವೆಂದು ಲಂಡನ್ನಿನಲ್ಲಿ ಒಂದೇ ತೀರ್ಪಿನಲ್ಲಿ ಇತ್ಯರ್ಥವಾಯಿತು.

ಜತ್ತದವರ ಪುಣ್ಯ, ಮುಂಬೈ ರಾಜ್ಯ 1950ರಲ್ಲಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆ ಮಾಡಿದಾಗ ಅದರ 10ನೇ ಕಲಮಿನಲ್ಲಿ ಇದನ್ನು ರಿಪೇರಿ ಮಾಡಿಟ್ಟಿತು: ಧರ್ಮ, ಧರ್ಮಾದಾಯ, ಪುಣ್ಯಕಾರ್ಯ, ಪುಣ್ಯದಾನ ಎಂದು ಬರೆದದ್ದು ಬರೀ ಅಸ್ಪಷ್ಟ ಎಂಬ ಕಾರಣಕ್ಕೆ ಬಿದ್ದುಹೋಗುವುದಿಲ್ಲ. ಇದು ಮಹಾರಾಷ್ಟ್ರದ ಕಾಯ್ದೆ. ಉಮದಿಯಲ್ಲಿ ಮನೆ, ಗಡಿಯಾಚೆ ಚಡಚಣದಲ್ಲಿ ಇನ್ನೊಂದು ಜಾಗ ಇರುವ ಬಳಕೆದಾರರು ಆಚೆಯ ಜಾಗಕ್ಕೆ ಈ ಕಲಮನ್ನು ನಂಬಿ ಕೂರಬೇಡಿ. ಈಚೆಯವರೂ ನಂಬಿ ಕೂರಬೇಡಿ. ಕಲಂ ನಿಮ್ಮ ದಾನವನ್ನು ಉಳಿಸಬಹುದು. ಅದನ್ನು ಎಲ್ಲಿ ಮುಟ್ಟಿಸಬೇಕೆಂಬ ನಿಮ್ಮ ಮನಸ್ಸನ್ನು ಹೇಳಲಾರದು.

ಆದ್ದರಿಂದ ಹೆಸರು, ಊರು, ತಾಲೂಕು, ಧರ್ಮಾದಾಯ ಆಯುಕ್ತರ ಕಚೇರಿಯ ನೋಂದಣಿ ಸಂಖ್ಯೆ, ಇಷ್ಟನ್ನೂ ಬರೆಯಿರಿ. "ಯಲ್ಲಮ್ಮನಿಗೆ ಒಂದು ಲಕ್ಷ" ಎಂದರೆ ಜತ್ತದ ಯಲ್ಲಮ್ಮನೋ, ಸವದತ್ತಿಯ ಯಲ್ಲಮ್ಮನೋ? ಇಬ್ಬರಿಗೂ ಭಕ್ತರಿದ್ದಾರೆ, ಭಕ್ತರಿಗೆ ವಕೀಲರಿದ್ದಾರೆ. ದಾನಮ್ಮನ ಗುಡಿಯಂತೂ ಗುಡ್ಡಾಪುರ ಬಿಟ್ಟು ಎಷ್ಟೋ ಊರುಗಳಲ್ಲಿ ಇದೆ. ಶಾಲೆಗೆ ಕೊಡುವವರು ಇನ್ನೊಂದು ಸಾಲು ಸೇರಿಸಿ: ಆ ಹೊತ್ತಿಗೆ ಕನ್ನಡ ಶಾಲೆ ಮುಚ್ಚಿದ್ದರೆ ಏನು ಮಾಡಬೇಕು? ಮಕ್ಕಳನ್ನು ಮರಾಠಿಗೋ ಇಂಗ್ಲಿಷಿಗೋ ಕಳಿಸುವ ಪಾಲಕರು ನಿಮ್ಮ ಮೃತ್ಯುಪತ್ರ ಓದಿ ತೀರ್ಮಾನಿಸುವುದಿಲ್ಲ. "ಶಾಲೆ ಇರದಿದ್ದರೆ ತಾಲೂಕಿನ ಬೇರೆ ಕನ್ನಡ ಶಾಲೆಯ ಮಕ್ಕಳ ಪುಸ್ತಕಕ್ಕೆ" ಎಂದು ಬರೆದಿಟ್ಟರೆ ರೊಕ್ಕ ದಾರಿ ತಪ್ಪುವುದಿಲ್ಲ.

ಭಾಷೆಯ ಹೊಂದಾಣಿಕೆ

ಮೃತ್ಯುಪತ್ರವನ್ನು ಕನ್ನಡದಲ್ಲಿ ಬರೆಯಬಹುದೇ? ಧಾರಾಳವಾಗಿ. ನೋಂದಣಿ ಮಾಡಿಸಲೇಬೇಕೆಂಬ ಕಟ್ಟೂ ಇಲ್ಲ. ಆದರೂ ಮಾಡಿಸಿ, ಮಾಡಿಸಲು ಹೋದಾಗ 1908ರ ನೋಂದಣಿ ಕಾಯ್ದೆಯ 19ನೇ ಕಲಂ ಎದುರಾಗುತ್ತದೆ. ಕಾಗದದ ಭಾಷೆ ಅಧಿಕಾರಿಗೆ ತಿಳಿಯದಿದ್ದರೆ, ಜೊತೆಗೆ ಅದು ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆಯೂ ಅಲ್ಲದಿದ್ದರೆ, ನಿಷ್ಠ ಅನುವಾದವನ್ನೂ ಒಂದು ನಕಲನ್ನೂ ಜೋಡಿಸಬೇಕು. ಸಾಂಗ್ಲಿ ಜಿಲ್ಲೆಯಲ್ಲಿ ಕನ್ನಡ ಸಾಮಾನ್ಯ ಬಳಕೆಯ ಭಾಷೆ ಹೌದೋ ಅಲ್ಲವೋ? ಈ ಪ್ರಶ್ನೆಯ ಸುತ್ತಲಿನ ಗಡಿ ವಿವಾದದ ಮೇಲೆ 1967ರಲ್ಲಿ ಮಹಾಜನ ಆಯೋಗ ವರದಿ ಬರೆದಿದೆ. 2012ರಲ್ಲಿ ನೀರಿಲ್ಲದೆ ಬೇಸತ್ತ ಹಳ್ಳಿಗಳು ಕರ್ನಾಟಕಕ್ಕೆ ಹೋಗುತ್ತೇವೆಂದು ಠರಾವು ಮಾಡಿದ ಸುದ್ದಿ 2022ರಲ್ಲಿ ಎರಡೂ ವಿಧಾನಸಭೆಗಳ ನಿದ್ದೆ ಕೆಡಿಸಿತು. ನೀವು ಆ ವಾದವನ್ನು ನೋಂದಣಿ ಕಚೇರಿಯ ಮೇಜಿನ ಮುಂದೆ ಎತ್ತಬೇಡಿ. ಕನ್ನಡದಲ್ಲಿ ಬರೆದು, ಮರಾಠಿ ಅನುವಾದವನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ. ಗಡಿ ತಂಟೆ ಮುಗಿಯುವವರೆಗೆ ಬದುಕಿರುತ್ತೇನೆ ಎಂಬ ಭರವಸೆ ಇದ್ದವರಿಗೆ ಮೃತ್ಯುಪತ್ರದ ಜರೂರೇ ಇಲ್ಲ.

ಸಾಕ್ಷಿಗಳು

ನಿಮ್ಮ ಓರಗೆಯವರನ್ನು ಕರೆಯಬೇಡಿ. ನಿಮ್ಮ ಸಹಿಯನ್ನು ಕಂಡವರಲ್ಲಿ ಒಬ್ಬರಾದರೂ ಮುಂದೆ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಆಗ ಅವರು ಬದುಕಿರಬೇಕು, ಮರೆವು ಬಂದಿರಬಾರದು. ಮುಂಜಾನೆ ಗುಡಿಯ ಕಟ್ಟೆಯ ಮೇಲೆ ಕೂರುವ ಪೈಕಿ ಯಾರನ್ನು ಕರೆದರೂ ಇವೆರಡರಲ್ಲಿ ಒಂದು ಕೈಕೊಡುವ ಸಂಭವ ಹೆಚ್ಚು. ಶಾಲೆಯ ಹರೆಯದ ಮಾಸ್ತರ, ಮೆಡಿಕಲ್ ಅಂಗಡಿಯ ಹುಡುಗ, ಇಂಥವರು ನಡೆಯುತ್ತಾರೆ. ಒಬ್ಬ ಡಾಕ್ಟರು ಸಿಕ್ಕರೆ ಇನ್ನೂ ಒಳಿತು, "ಬುದ್ಧಿ ನೆಟ್ಟಗಿತ್ತು" ಎಂದು ಹೇಳುವವರು ಮನೆಯ ಹೊರಗಿನವರಾಗಿರಬೇಕು.

ದಾನ ಪಡೆಯುವವರನ್ನು ಮಾತ್ರ ಈ ಕೆಲಸದಿಂದ ದೂರ ಇಡಿ. ಮಠದ ಕಾರ್ಯದರ್ಶಿಯೇ ಕಾಗದ ಬರೆದು, ಮಠದ ಜೀಪಿನಲ್ಲಿ ನಿಮ್ಮನ್ನು ಕರೆದೊಯ್ದು, ಮಠದ ಇಬ್ಬರು ಸೇವಕರಿಂದ ಸಾಕ್ಷಿ ಹಾಕಿಸಿದರೆ, ನಿಮ್ಮ ಭಕ್ತಿ ಎಷ್ಟೇ ಖರೆ ಇದ್ದರೂ ಕೋರ್ಟಿಗೆ ಅದು ಅನುಮಾನ. ಮೈಸೂರು ಸೀಮೆಯ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1958ರಲ್ಲೇ ಇದನ್ನು ಹೇಳಿದೆ: ಮೃತ್ಯುಪತ್ರ ತಯಾರಿಸಲು ಮುಂದೆ ನಿಂತವನಿಗೇ ಅದರಿಂದ ದೊಡ್ಡ ಲಾಭವಿದ್ದರೆ, ಅನುಮಾನ ತೊಳೆಯುವ ಭಾರವೂ ಅವನದೇ. ಅಲ್ಲಿ ಅವನಿಂದ ತೊಳೆಯಲಾಗಲಿಲ್ಲ. ಇವತ್ತಿಗೂ ಮೃತ್ಯುಪತ್ರದ ಜಗಳ ಎಲ್ಲಿ ನಡೆದರೂ ವಕೀಲರು ಮೊದಲು ತೆಗೆಯುವ ಪುಟ ಅದೇ.

ಪ್ರಮಾಣ: ಎಷ್ಟು ಬೆರೆಸಬೇಕು

ಮುಸ್ಲಿಂ ಬಳಕೆದಾರರಿಗೆ ಇದು ಸಲೀಸು. ಸಾಲ ಮತ್ತು ಮಣ್ಣಿನ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಪಾಲಿನವರೆಗೆ. ಅದಕ್ಕಿಂತ ಹೆಚ್ಚಾದರೆ ವಾರಸುದಾರರು ಒಪ್ಪಬೇಕು. ಕ್ರೈಸ್ತರಿಗೆ ಒಂದು ವಿಚಿತ್ರ ಅಡ್ಡಿ ಇತ್ತು. ಸಮೀಪದ ಬಂಧುಗಳಿದ್ದವರು ಧರ್ಮಕಾರ್ಯಕ್ಕೆ ಬರೆದದ್ದು ನಿಲ್ಲಬೇಕಾದರೆ ಬರೆದ ಮೇಲೆ ಕನಿಷ್ಠ ಹನ್ನೆರಡು ತಿಂಗಳು ಬದುಕಬೇಕಿತ್ತು. ಪುಣ್ಯಕ್ಕೂ ಆಯುಷ್ಯದ ಷರತ್ತು! 2003ರಲ್ಲಿ ಜಾನ್ ವಳ್ಳಮಟ್ಟಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭಾರತೀಯ ಉತ್ತರಾಧಿಕಾರ ಕಾಯ್ದೆಯ ಆ 118ನೇ ಕಲಮನ್ನು ಹೊಡೆದುಹಾಕಿತು.

ಹಿಂದೂಗಳಿಗೆ ತಮ್ಮ ಪಾಲಿನ ಮಟ್ಟಿಗೆ ಮಿತಿಯೇ ಇಲ್ಲ, ಅದೇ ಅಪಾಯ. ಮಗನ ಮೇಲೆ ಸಿಟ್ಟು ಬಂದ ದಿನ ಎಲ್ಲವೂ ಮಠಕ್ಕೆ, ಮೊಮ್ಮಗ ತೊಡೆಯೇರಿದ ದಿನ ಮಠಕ್ಕೆ ಏನೂ ಇಲ್ಲ. ಪೂರ್ತಿ ಕೊಟ್ಟು ದಕ್ಕಿಸಿಕೊಂಡವರೂ ಇದ್ದಾರೆನ್ನಿ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1861ರಲ್ಲಿ ಹುಟ್ಟಿ ದತ್ತಕರಾಗಿ ದೇಸಗತಿಗೆ ಬಂದವರು, 1904ರಲ್ಲಿ ಧಾರವಾಡದ ಮೊದಲ ವೀರಶೈವ ಮಹಾಸಭೆಯ ಅಧ್ಯಕ್ಷರು. 1906ರಲ್ಲಿ ತೀರಿಕೊಳ್ಳುವ ಮುನ್ನ ಇಡೀ ಆಸ್ತಿಯನ್ನು ಬಡ ಮಕ್ಕಳ ಓದಿಗೆ ಮೃತ್ಯುಪತ್ರದಲ್ಲಿ ಬರೆದರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರ ಹೆಸರಿದೆ, ಆ ನಿಧಿಯಿಂದ ಓದಿದವರ ಮೊಮ್ಮಕ್ಕಳು ಇಂದು ಅಮೆರಿಕದಲ್ಲಿದ್ದಾರೆ. ಆದರೆ ಅವರದು ದೇಸಗತಿ. ನಿಮ್ಮದು ಮ್ಹೈಸಾಳದ ನೀರಿಗೆ ಕತ್ತು ಚಾಚಿ ನಿಂತ ದ್ರಾಕ್ಷಿ ಪಡ, ಮೇಲೆ ಸೊಸೈಟಿ ಸಾಲ. ಸಾಲ ತೀರಿದ ಮೇಲೆಯೇ ದಾನ. ಕಾನೂನಿನ ಕ್ರಮವೂ ಅದೇ.

ಇಷ್ಟೇ ರೂಪಾಯಿ ಎಂದು ಬರೆಯುವುದಕ್ಕಿಂತ ಇಷ್ಟು ಪಾಲು ಎಂದು ಬರೆಯುವುದು ಮೇಲು. ಅಜ್ಜ ನಂದಾದೀಪಕ್ಕೆಂದು ವರ್ಷಕ್ಕೆ ಇಪ್ಪತ್ತೈದು ರೂಪಾಯಿ ಬರೆದಿದ್ದರೆ, ಮೊಮ್ಮಗ ಇವತ್ತು ತಪ್ಪದೆ ಇಪ್ಪತ್ತೈದು ರೂಪಾಯಿ ಕೊಟ್ಟು ವಚನ ಉಳಿಸಿಕೊಳ್ಳುತ್ತಾನೆ, ದೀಪ ಮಾತ್ರ ಮೂರು ದಿನಕ್ಕೆ ಆರುತ್ತದೆ. "ಉಳಿದದ್ದರಲ್ಲಿ ಹತ್ತನೇ ಒಂದು ಪಾಲು" ಎಂದರೆ ಅಕಾಲದ ಮಳೆಗೆ ದ್ರಾಕ್ಷಿ ಹೋದ ವರ್ಷ ಸತ್ತರೂ ಮಕ್ಕಳು ನಿಮ್ಮನ್ನು ಬೈಯುವುದಿಲ್ಲ. ಒಣದ್ರಾಕ್ಷಿಗೆ ದರ ಬಂದ ವರ್ಷ ಸತ್ತರೆ ಶಾಲೆಗೆ ಚೆನ್ನ.

ತೆರಿಗೆ ಉಳಿಯುತ್ತದೆಯೇ ಎಂದು ಕೇಳುವ ಬಳಕೆದಾರರಿಗೆ ಒಂದು ಸಾಲು. ಸತ್ತವರ ಆಸ್ತಿಯ ಮೇಲಿನ ತೆರಿಗೆ ನಮ್ಮ ದೇಶದಲ್ಲಿ 1985ರಲ್ಲೇ ರದ್ದಾಯಿತು, ಬೇಸಾಯದ ಆದಾಯಕ್ಕೆ ಆದಾಯ ತೆರಿಗೆಯೂ ಇಲ್ಲ. ಆದ್ದರಿಂದ ಜತ್ತದ ರೈತನ ದಾನದಲ್ಲಿ ಕಲಬೆರಕೆಗೆ ಜಾಗವೇ ಇಲ್ಲ.

ಹೆಸರಿನ ಫಲಕ (ಐಚ್ಛಿಕ ಬಿಡಿಭಾಗ)

ಹೆಚ್ಚು ದುರುಪಯೋಗ ಆಗುವ ಬಿಡಿಭಾಗ ಇದು. ಶಾಲೆಗೆ ಒಂದು ಫ್ಯಾನು ಕೊಟ್ಟು ಅದರ ಮೂರು ಅಲಗಿನ ಮೇಲೂ ತಂದೆಯ ಹೆಸರು ಬರೆಸಿದವರಿದ್ದಾರೆ. ಕರೆಂಟು ಇದ್ದಾಗ ಹೆಸರು ಓದಲು ಬರುವುದಿಲ್ಲ. ಲೋಡ್‌ಶೆಡ್ಡಿಂಗ್ ಇದ್ದಾಗ ಮಕ್ಕಳು ಬೆವರುತ್ತ ಓದುತ್ತಾರೆ. ಮೃತ್ಯುಪತ್ರದಲ್ಲಂತೂ ಈ ಬಯಕೆ ಷರತ್ತುಗಳಾಗಿ ಬೆಳೆಯುತ್ತದೆ: ಕೋಣೆಗೆ ನನ್ನ ಹೆಸರಿರಬೇಕು, ಪುಣ್ಯತಿಥಿಗೆ ಭಾಷಣ ಆಗಬೇಕು, ಭಾವಚಿತ್ರ ಹೆಡ್‌ಮಾಸ್ತರರ ತಲೆಯ ಮೇಲೆಯೇ ಇರಬೇಕು. ಎರಡು ಲಕ್ಷ ಬರೆದು ಹದಿನಾರು ಷರತ್ತು ಹಾಕಿದರೆ ಸಂಸ್ಥೆಯವರು ಕೈಮುಗಿದು ಬೇಡ ಎನ್ನಬಹುದು. ಬೇಡ ಎನ್ನುವ ಹಕ್ಕು ಅವರಿಗಿದೆ.

ಇನ್ನು ಕೆಲವರು ತಮ್ಮ ಹೆಸರಿನಲ್ಲಿ ಹೊಸ ಪ್ರತಿಷ್ಠಾನವನ್ನೇ ಹುಟ್ಟಿಸಲು ಬರೆಯುತ್ತಾರೆ. ಬರೆಯಿರಿ, ಆದರೆ ಆಮೇಲಿನದನ್ನೂ ಕೇಳಿ. ಮೃತ್ಯುಪತ್ರದಿಂದ ಹುಟ್ಟಿದ ಸಾರ್ವಜನಿಕ ವಿಶ್ವಸ್ತ ಸಂಸ್ಥೆಯನ್ನು ನೋಂದಾಯಿಸಲು ಎಕ್ಸಿಕ್ಯೂಟರ್ ಅರ್ಜಿ ಹಾಕಬೇಕು: ಪ್ರೊಬೇಟ್ (ಮೃತ್ಯುಪತ್ರಕ್ಕೆ ಕೋರ್ಟಿನ ಮೊಹರು) ಸಿಕ್ಕ ಒಂದು ತಿಂಗಳೊಳಗೆ ಇಲ್ಲವೇ ನೀವು ತೀರಿದ ಆರು ತಿಂಗಳೊಳಗೆ, ಯಾವುದು ಮೊದಲೋ ಅದು. ಬಳಿಕ ಲೆಕ್ಕ, ತಪಾಸಣೆ, ಒಬ್ಬ ವಿಶ್ವಸ್ತ ಬದಲಾದರೆ ಅದಕ್ಕೊಂದು ಅರ್ಜಿ, ಜಾಗ ಮಾರಬೇಕೆಂದರೆ ಧರ್ಮಾದಾಯ ಆಯುಕ್ತರ ಅಪ್ಪಣೆ. ಎರಡು ಲಕ್ಷದ ಬಡ್ಡಿ ಲೆಕ್ಕ ಬರೆಯುವವನಿಗೇ ಸಾಕಾಗುತ್ತದೆ. ಊರಲ್ಲಿ ನೆಟ್ಟಗೆ ನಡೆಯುವ ಸಂಸ್ಥೆ ಇದ್ದರೆ ಅದಕ್ಕೇ ಕೊಡಿ, ಹೆಸರಿಲ್ಲದೆ.

ಹೆಸರಿಲ್ಲದೆ ಹೇಗೆ ಎಂದು ಮುಖ ಸಣ್ಣದಾದವರು ವಿಜಯಪುರದ ಜ್ಞಾನಯೋಗಾಶ್ರಮದ ಕಡೆ ನೋಡಬಹುದು. ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡ ಎಂದರು. 2014ರ ಗುರುಪೂರ್ಣಿಮೆಗೇ ಅಂತಿಮ ಪತ್ರ ಬರೆದಿಟ್ಟಿದ್ದರು: ದೇಹವನ್ನು ಹೂಳದೆ ಸುಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು. 2023ರ ಜನವರಿ 2ರಂದು ಅವರು ಹೋದ ಮೇಲೆ ಹಾಗೆಯೇ ನಡೆಯಿತು. ಹಂಚಲು ಏನೂ ಇಲ್ಲದವರ ಪತ್ರವನ್ನು ಲಕ್ಷಾಂತರ ಜನ ಓದಿದರು. ನಿಮ್ಮ ಹದಿನಾರು ಷರತ್ತನ್ನು ಓದುವವರು ಇಬ್ಬರೇ, ನಿಮ್ಮ ಮಗ ಮತ್ತು ಅವನ ವಕೀಲ.

ಎಕ್ಸಿಕ್ಯೂಟರ್ ಆಯ್ಕೆ

ಆಲ್ಫ್ರೆಡ್ ನೊಬೆಲ್ 1895ರಲ್ಲಿ ಪ್ಯಾರಿಸಿನಲ್ಲಿ ವಕೀಲರಿಲ್ಲದೆ ತಾನೇ ಬರೆದ ಮೃತ್ಯುಪತ್ರದಲ್ಲಿ ಲೋಪಗಳಿದ್ದವು. ಮರುವರ್ಷ ಅವನು ಸತ್ತಾಗ ಬಂಧುಗಳು ತಕರಾರೆತ್ತಿದರು, ಸ್ವೀಡನ್ನಿನ ದೊರೆಗೂ ಅದು ಹಿಡಿಸಲಿಲ್ಲ. ಬಹುಮಾನ ಶುರುವಾಗಲು 1901 ಬೇಕಾಯಿತು. ಅದು ಶುರುವಾದದ್ದು ಎಕ್ಸಿಕ್ಯೂಟರ್ ಆಗಿದ್ದ ರಾಗ್ನರ್ ಸೋಲ್ಮನ್ ಎಂಬ ಇಪ್ಪತ್ತರ ಹರೆಯದ ಸಹಾಯಕನಿಂದ. ಪ್ಯಾರಿಸಿನ ಬೀದಿಗಳಲ್ಲಿ ನೊಬೆಲ್‌ನ ಆಸ್ತಿಪತ್ರಗಳನ್ನು ಕುದುರೆ ಗಾಡಿಯಲ್ಲಿ ಸಾಗಿಸುವಾಗ ಅವನು ರಿವಾಲ್ವರ್ ಹಿಡಿದು ಕೂತಿದ್ದ. ನಿಮಗೆ ಬೇಕಾದದ್ದು ಅಂಥವನು, ರಿವಾಲ್ವರ್ ಬಿಟ್ಟು. ಹಿರಿಯ ಮಗನನ್ನೇ ನೇಮಿಸಬಹುದು, ಕಾನೂನಿನಲ್ಲಿ ಅಡ್ಡಿಯಿಲ್ಲ. ಅವನ ಪಾಲಿನಿಂದ ತೆಗೆದು ಕೊಡಬೇಕಾದದ್ದನ್ನು ಅವನ ಕೈಯಿಂದಲೇ ಕೊಡಿಸುವ ಧೈರ್ಯ ನಿಮಗಿರಬೇಕು ಅಷ್ಟೆ. ಅಳಿಯನನ್ನು ನೇಮಿಸಿದರೆ ದಾನ ಸಲ್ಲುತ್ತದೆ, ಹಬ್ಬಕ್ಕೆ ಮಗಳು ಬರುವುದು ನಿಲ್ಲುತ್ತದೆ. ನಿವೃತ್ತ ಮಾಸ್ತರರು ಸಿಕ್ಕರೆ ಬಿಡಬೇಡಿ.

ಸಾಮಾನ್ಯ ತೊಂದರೆಗಳು

"ಮಗ ಕಾಗದಾ ಹರದ ಒಗದರ ಹ್ಯಾಂಗರೀ?" ನೋಂದಣಿ ಮಾಡಿಸಿದ್ದರೆ ಕಚೇರಿಯಲ್ಲಿ ನಕಲು ಇರುತ್ತದೆ. ನೀವು ಹೋದ ಮೇಲೆ ಅದನ್ನು ಇಸಿದುಕೊಳ್ಳಬಹುದು.

"ಮಕ್ಕಳ ಸಹಿ ಬೇಕೇನ್ರೀ?" ಬೇಡ. ಕೇಳಿದರೆ ಸಿಗುವುದೂ ಇಲ್ಲ.

"ಮನಸ್ಸ ಬದಲಾದರ?" ಎಷ್ಟು ಸಲ ಬೇಕಾದರೂ ಬದಲಿಸಿ, ಕೊನೆಯದು ನಿಲ್ಲುತ್ತದೆ. ಆದರೆ ಹಳೆಯದರ ಮೇಲೆ ಗೀಚಿ ತಿದ್ದಬೇಡಿ. ತಿದ್ದಿದ ಜಾಗದಲ್ಲಿ ಮತ್ತೆ ಸಹಿ, ಸಾಕ್ಷಿ ಇರದಿದ್ದರೆ ಆ ತಿದ್ದುಪಡಿ ನಡೆಯುವುದಿಲ್ಲ. ಹೊಸದು ಬರೆದು ಹಳೆಯದನ್ನು ಸುಡಿ.

"ನನ್ನ ಹಂತೇಕ ಏನೂ ಇಲ್ರೀ, ಎರಡ ಕಣ್ಣ ಅದಾವ." ಅವೂ ಆಗುತ್ತವೆ. ಆದರೆ ಆ ಮಾತನ್ನು ಮೃತ್ಯುಪತ್ರದಲ್ಲಿ ಬರೆದು ಸುಮ್ಮನಾಗಬೇಡಿ. ಮೃತ್ಯುಪತ್ರವನ್ನು ಬಿಚ್ಚುವುದು ದಿನಕರ್ಮ ಮುಗಿದು ನೆಂಟರು ಹೊರಟ ಮೇಲೆ. ಕಣ್ಣು ತೆಗೆಯಬೇಕಾದದ್ದು ಆರು ತಾಸಿನೊಳಗೆ. ದೇಹವನ್ನು ಮಿರಜಿನ ವೈದ್ಯಕೀಯ ಕಾಲೇಜಿಗೆ ಕೊಡಬಯಸುವವರಿಗೂ ಇದೇ ಮಾತು. ಫೋನು ಮಾಡಬೇಕಾದವರು ಹೆಂಡತಿ ಮಕ್ಕಳು, ಅವರಿಗೆ ಬದುಕಿದ್ದಾಗಲೇ ಬಾಯಿಬಿಟ್ಟು ಹೇಳಿ. ಹೇಳಿದ ಕೂಡಲೇ ಅವರು "ಬಿಡ್ತು ಅನ್ನು" ಎನ್ನುತ್ತಾರೆ. ಬಿಡ್ತು ಎಂದು ಹೇಳಿ, ಮರುದಿನ ಮತ್ತೆ ಹೇಳಿ.

ಬಳಸುವ ಮುನ್ನ ಪರೀಕ್ಷೆ

ಯಾವ ಸಂಸ್ಥೆಗೆ ಬರೆಯಬೇಕೆಂದಿದ್ದೀರೋ ಅದಕ್ಕೆ ಈ ವರ್ಷವೇ ಐದು ಸಾವಿರ ಕೊಟ್ಟು ನೋಡಿ, ಚೆಕ್ಕಿನಲ್ಲಿ. ರಸೀದಿ ಬರುತ್ತದೆಯೇ? ಮುಂದಿನ ವರ್ಷ ಹೋಗಿ ಕೇಳಿದರೆ ಯಾವುದಕ್ಕೆ ಖರ್ಚಾಯಿತೆಂದು ಹೇಳುತ್ತಾರೆಯೇ, ಚಹಾ ಕುಡಿಸಿ ಇನ್ನೊಂದು ಐದು ಸಾವಿರ ಕೇಳುತ್ತಾರೆಯೇ? ನೀವು ಎದುರು ಕುಳಿತಾಗ ಐದು ಸಾವಿರದ ಲೆಕ್ಕ ಕೊಡದವರು, ನೀವು ಗೋಡೆಯ ಮೇಲೆ ಫೋಟೋ ಆಗಿರುವಾಗ ಐದು ಲಕ್ಷದ ಲೆಕ್ಕ ಕೊಡುವುದಿಲ್ಲ. ರಸೀದಿ ಬರದಿದ್ದರೆ ಸಂಸ್ಥೆ ಬದಲಿಸಿ, ಹೊಸ ಹಾಳೆ ತೆಗೆದುಕೊಳ್ಳಿ, ಇಬ್ಬರು ಸಾಕ್ಷಿಗಳನ್ನು ಮತ್ತೆ ಚಹಾಕ್ಕೆ ಕರೆಯಿರಿ. ಸಮಯ ಇನ್ನೂ ಇದೆ. ಇಲ್ಲದಿದ್ದರೆ ಈ ಕೈಪಿಡಿಯನ್ನು ಓದುತ್ತಿದ್ದವರು ನೀವಲ್ಲ, ನಿಮ್ಮ ಮಗ.